ಅಸ್ಸಾಮಿನ ನಾಲ್ಕು, ನಮ್ಮ ಎಂಟು: ಕಾಫಿ ಸೀಮೆಯ ವಲಸೆಯನ್ನು ಅರ್ಥ ಮಾಡಿಕೊಳ್ಳೋಣ

ಹೋದ ಡಿಸೆಂಬರಿನಲ್ಲಿ ಸಕಲೇಶಪುರದ ಹತ್ತಿರ ಚಿಕ್ಕಪ್ಪನ ತೋಟದಲ್ಲಿದ್ದೆ. ಅರೇಬಿಕಾ ಕಾಫಿಯ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಸಂಜೆ ಎಲ್ಲರೂ ಹಣ್ಣಿನ ಚೀಲ ಹೊತ್ತು ಕಣಕ್ಕೆ ಬಂದು ತೂಕಕ್ಕೆ ಸಾಲು ನಿಂತಿದ್ದರು. ಕೂಲಿ ಕೆಜಿ ಲೆಕ್ಕ. ಹಾಗಾಗಿ ತೋಟದ ಲೆಕ್ಕ ನೋಡಿಕೊಳ್ಳುವ ರೈಟ್ರು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಕೆಲವು ಕೆಲಸಗಾರರು ತಮ್ಮದೇ ಸಣ್ಣ ಪುಸ್ತಕದಲ್ಲೂ ಬರೆದಿಟ್ಟುಕೊಳ್ಳುತ್ತಾರೆ. ಅವತ್ತು ವಾರದ ಬಟವಾಡೆ. ಅಸ್ಸಾಮಿನಿಂದ ಬಂದ ಒಬ್ಬ ಹುಡುಗನ ಪುಸ್ತಕ ನೋಡಿದ ರೈಟ್ರು ಗದರಿಬಿಟ್ಟರು. ತಮ್ಮ ಲೆಕ್ಕದಲ್ಲಿ ಸೋಮವಾರ 44 ಕೆಜಿ, ಅವನ ಪುಸ್ತಕದಲ್ಲಿ 88. ಸರಿಯಾಗಿ ಡಬಲ್. ಹುಡುಗ 'ಚವ್ವಾಲೀಸ್, ಚವ್ವಾಲೀಸ್' ಎನ್ನುತ್ತಿದ್ದ. ರೈಟ್ರಿಗೆ ಅಷ್ಟು ಹಿಂದಿ ಬರುವುದಿಲ್ಲ. ಸುತ್ತ ನಿಂತವರಲ್ಲಿ ಗುಸುಗುಸು ಶುರುವಾಯಿತು. ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ ಎರಡು ಗುಂಪಾದರು.

ಕೊನೆಗೆ ಅವರಲ್ಲೇ ಸ್ವಲ್ಪ ಕನ್ನಡ ಬಲ್ಲ ಒಬ್ಬಾಕೆ ಮುಂದೆ ಬಂದು ಬಿಡಿಸಿ ಹೇಳಿದಳು. ಅಸ್ಸಾಮಿ ಮತ್ತು ಬಂಗಾಳಿ ಲಿಪಿಯಲ್ಲಿ ನಾಲ್ಕು ಅಂಕಿ ನೋಡಲು ಥೇಟ್ ನಾವು ದಿನಾ ಬಳಸುವ ಇಂಗ್ಲಿಷ್ ಎಂಟಿನ ಹಾಗೆಯೇ ಇರುತ್ತದೆ. ಅವರ ಏಳು ನಮ್ಮ ಒಂಬತ್ತಿನ ಹಾಗೆ ಕಾಣುತ್ತದೆ. ಹುಡುಗ ಬರೆದದ್ದೂ 44, ಬಾಯಲ್ಲಿ ಹೇಳಿದ್ದೂ 44, ರೈಟ್ರು ಬರೆದದ್ದೂ 44. ಇಬ್ಬರೂ ಸರಿಯಾಗಿಯೇ ಬರೆದಿದ್ದರು.

ಆಮೇಲೆ ಎಲ್ಲ ಸರಿಹೋಯಿತು. ಆದರೆ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಹೆಂಗಸು ಅಲ್ಲಿರದಿದ್ದರೆ ಆ ಹುಡುಗ ಕಳ್ಳ ಅನ್ನಿಸಿಕೊಂಡು ಊರಿಗೆ ವಾಪಸ್ ಹೋಗುತ್ತಿದ್ದ, ಅಲ್ವಾ? ನಮ್ಮ ಕಡೆಯವರು 'ಇವರನ್ನು ನಂಬುವ ಹಾಗಿಲ್ಲ' ಎಂದು ಹತ್ತು ವರ್ಷ ಹೇಳಿಕೊಂಡು ತಿರುಗುತ್ತಿದ್ದರು.

ಹಾಸನ, ಚಿಕ್ಕಮಗಳೂರು ಕಡೆ ಈಗ ಬಸ್ ಸ್ಟ್ಯಾಂಡು, ಸಂತೆ, ಕಿರಾಣಿ ಅಂಗಡಿ ಎಲ್ಲಿ ನಿಂತರೂ ಈ ಹೊಸಬರ ಮಾತೇ. ಯಾರಿವರು, ಯಾಕೆ ಇಷ್ಟು ಜನ, ಇವರ ಜೊತೆ ಹೇಗಿರುವುದು ಎಂದು ಜನ ಕೇಳುತ್ತಿದ್ದಾರೆ. ಗೊತ್ತಿರುವಷ್ಟನ್ನು ಬುಡದಿಂದ ಹೇಳಲು ನೋಡುತ್ತೇನೆ.

ವಲಸಿಗ ಅಂದರೆ ಯಾರು?

ವಲಸೆ ಎಂದರೆ ಇದ್ದ ಜಾಗ ಬಿಟ್ಟು ಇನ್ನೊಂದು ಕಡೆ ಹೋಗಿ ಇರುವುದು, ಅಷ್ಟೇ. ಜನಗಣತಿಯಲ್ಲಿ ಎಣಿಸುವ ರೀತಿಯೂ ಸರಳ. ನೀವು ಹುಟ್ಟಿದ ಊರು ಅಥವಾ ಹಿಂದೆ ವಾಸವಿದ್ದ ಊರು ಬೇರೆ, ಈಗಿರುವ ಊರು ಬೇರೆ ಎಂದಾದರೆ ನೀವು ವಲಸಿಗರು. ಈ ಲೆಕ್ಕದಲ್ಲಿ 2011ರ ಜನಗಣತಿಯಲ್ಲಿ ದೇಶದ ಒಳಗಿನ ವಲಸಿಗರು ಸುಮಾರು 45 ಕೋಟಿ. ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದ್ದು. ಮೂಡಿಗೆರೆಯಲ್ಲಿ ಹುಟ್ಟಿ ಬೇಲೂರಿಗೆ ಸೊಸೆಯಾಗಿ ಬಂದ ನನ್ನ ಅಮ್ಮನೂ ಈ ಲೆಕ್ಕದಲ್ಲಿ ವಲಸಿಗರೇ.

ಇದರೊಳಗೆ ಬಗೆಗಳಿವೆ. ಕಡೂರು, ಅರಸೀಕೆರೆಯ ಬಯಲುಸೀಮೆಯಿಂದ ಕೊಯ್ಲಿಗೆ ಮಲೆನಾಡಿಗೆ ಬರುವುದು ರಾಜ್ಯದ ಒಳಗಿನ ವಲಸೆ. ಅಸ್ಸಾಂ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳದಿಂದ ಬರುವುದು ಅಂತರರಾಜ್ಯ ವಲಸೆ. ಕೆಲಸದ ಕಾಲಕ್ಕೆ ಬಂದು ಮುಗಿದ ಮೇಲೆ ಹೊರಡುವುದು ಋತುಮಾನದ ವಲಸೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ, ರೋಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ. ಆ ನಾಲ್ಕೈದು ತಿಂಗಳು ಬರುವವರೇ ಹೆಚ್ಚು. ಆದರೆ ಈಗ ಕೊಯ್ಲು ಮುಗಿದ ಮೇಲೂ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಗೊಬ್ಬರ, ಕಳೆ ಎಂದು ವರ್ಷವಿಡೀ ಉಳಿಯುವ ಕುಟುಂಬಗಳೂ ಇವೆ. ಅವರ ಮಕ್ಕಳು ಇಲ್ಲೇ ಹುಟ್ಟುತ್ತಿದ್ದಾರೆ.

ನಿರಾಶ್ರಿತರು ಎಂಬುದು ಬೇರೆಯೇ ಪದ. ಯುದ್ಧ, ಹಿಂಸೆ, ಕಿರುಕುಳಕ್ಕೆ ಹೆದರಿ ದೇಶ ಬಿಟ್ಟು ಓಡಿ ಬಂದವರಿಗೆ ಅದನ್ನು ಹೇಳುತ್ತಾರೆ. ಎರಡನ್ನೂ ಕಲಸಿ ಮಾತಾಡಿದರೆ ಗೊಂದಲ ಜಾಸ್ತಿಯಾಗುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು ಅನ್ನಿಸುತ್ತಿದೆ. ಹಾಸನದ ಸುತ್ತ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವ ಕೇರಳದವರನ್ನು ನಾವು ವಲಸಿಗರು ಅನ್ನುವುದಿಲ್ಲ. ಬೆಂಗಳೂರಿನಿಂದ ಬಂದು ಹೋಮ್‌ಸ್ಟೇ ಮಾಡಿದವರನ್ನೂ ಅನ್ನುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದೆ ಬಂದವರಿಗೆ ಮಾತ್ರ ಆ ಹೆಸರು.

ಇಲ್ಲಿ ಕೈ ಸಾಲದೆ ಹೋದದ್ದು ಹೇಗೆ?

ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಅದೂ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರೇ ಜಿಲ್ಲೆಗಳದ್ದು ಎಂದರೆ ನಡೆಯುತ್ತದೆ. ಕಾಫಿ ಹಣ್ಣು ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ. ಅರೇಬಿಕಾ ಗಿಡಕ್ಕೆ ಮೂರು ನಾಲ್ಕು ಸಲ ಕೈ ಹಾಕಬೇಕು, ಹಣ್ಣಾದದ್ದನ್ನು ಮಾತ್ರ ಬಿಡಿಸಬೇಕು. ಇಳಿಜಾರಿನಲ್ಲಿ, ನೆರಳಿನ ಮರಗಳ ನಡುವೆ, ಇದನ್ನು ಮಾಡುವ ಯಂತ್ರ ನಮ್ಮಲ್ಲಿ ಬಂದಿಲ್ಲ. ಕೈಗಳೇ ಬೇಕು.

ಆ ಕೈಗಳು ಎಲ್ಲಿ ಹೋದವು? ಇದಕ್ಕೆ ಉತ್ತರ ಜನಗಣತಿಯಲ್ಲೇ ಇದೆ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸುಮಾರು 11.41 ಲಕ್ಷ. ಹತ್ತು ವರ್ಷದ ನಂತರ 2011ರಲ್ಲಿ ಸುಮಾರು 11.38 ಲಕ್ಷ. ಇಡೀ ರಾಜ್ಯ ಬೆಳೆಯುತ್ತಿದ್ದಾಗ ಈ ಜಿಲ್ಲೆ ಸಣ್ಣದಾಯಿತು. ಹಾಸನ ಬೆಳೆದದ್ದೂ ತೀರಾ ಕಡಿಮೆ, ಹತ್ತು ವರ್ಷಕ್ಕೆ ಶೇಕಡಾ 3ರ ಆಸುಪಾಸು. ಮಕ್ಕಳು ಕಡಿಮೆ ಹುಟ್ಟಿದ್ದು ಒಂದು ಕಾರಣ. ಇನ್ನೊಂದು ಕಾರಣ ನಮಗೆಲ್ಲ ಗೊತ್ತಿದೆ. ನಮ್ಮ ಮನೆಗಳ ಹುಡುಗರು, ಹುಡುಗಿಯರು ಬೆಂಗಳೂರಿನಲ್ಲಿದ್ದಾರೆ. ಪೀಣ್ಯದ ಕಾರ್ಖಾನೆಯಲ್ಲಿ, ಸಾಫ್ಟ್‌ವೇರ್ ಕಂಪನಿಯಲ್ಲಿ, ಕ್ಯಾಬ್ ಓಡಿಸುತ್ತಾ, ಪಿಜಿಯಲ್ಲಿ ಮೂರು ಜನ ಒಂದು ರೂಮಿನಲ್ಲಿ. ನನ್ನ ತಮ್ಮನೂ ಅವರಲ್ಲಿ ಒಬ್ಬ. ತೋಟದಲ್ಲಿ ತಲೆಮಾರುಗಳಿಂದ ಕೂಲಿ ಮಾಡಿದ ಮನೆಗಳಂತೂ ಮಕ್ಕಳನ್ನು ಓದಿಸಿ ಆ ಕೆಲಸದಿಂದ ಹೊರಗೆ ಕಳಿಸಿದವು, ಅದು ಒಳ್ಳೆಯದೇ ಆಯಿತು.

ಬೆಂಗಳೂರಿಗೆ ಹೊರಟ ಬಸ್ಸು ಮತ್ತು ಅಸ್ಸಾಮಿನಿಂದ ಬಂದ ರೈಲು ಎರಡನ್ನೂ ಒಂದೇ ಕಥೆಯಾಗಿ ನೋಡಬೇಕು. ಒಬ್ಬರು ಬಿಟ್ಟು ಹೋದ ಜಾಗಕ್ಕೆ ಇನ್ನೊಬ್ಬರು ಬಂದಿದ್ದಾರೆ.

ಇದು ಮೊದಲ ಸಲವೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಮಂಜರಾಬಾದಿನ, ಅಂದರೆ ಸಕಲೇಶಪುರ ಸೀಮೆಯ, ಕಾಡು ಕಡಿದು ತೋಟ ಮಾಡಿದಾಗ ಮೇಸ್ತ್ರಿಗಳು ತಮಿಳು ಸೀಮೆಯಿಂದ, ಘಟ್ಟದ ಕೆಳಗಿನಿಂದ ಜನ ಕರೆತಂದರು. ತಮಿಳು, ತುಳು, ಕೊಂಕಣಿ, ಬ್ಯಾರಿ, ಮಲಯಾಳಂ, ಲಂಬಾಣಿ, ಎಷ್ಟು ಭಾಷೆ ಈ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಕೇಳಿಲ್ಲ ಹೇಳಿ! ಅವರ ಮೊಮ್ಮಕ್ಕಳು ಈಗ ಪಂಚಾಯಿತಿ ಮೆಂಬರುಗಳು, ಮೇಷ್ಟ್ರುಗಳು, ತೋಟದ ಮಾಲೀಕರೂ ಆಗಿದ್ದಾರೆ. ಕಾಫಿಯೇ ಹೊರಗಿನದು. ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಎಂಬ ಕಥೆ ಚಿಕ್ಕಮಗಳೂರಿನ ಮಕ್ಕಳಿಗೂ ಗೊತ್ತು. ನೆರಳಿಗೆ ನೆಟ್ಟ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು.

ಅಲ್ಲಿಂದ ಯಾಕೆ ಬರುತ್ತಾರೆ?

ವಲಸೆಗೆ ಎರಡು ತರದ ಕಾರಣ ಇರುತ್ತದೆ. ಊರಿನಿಂದ ದೂಡುವ ಕಾರಣ, ಹೊಸ ಜಾಗ ಎಳೆಯುವ ಕಾರಣ. ಎಳೆಯುವುದು ಇಲ್ಲಿನ ಕೂಲಿ. ಒಂದೇ ದಿನದ ಕೆಲಸಕ್ಕೆ ಅಲ್ಲಿಗಿಂತ ಇಲ್ಲಿ ಹೆಚ್ಚು ಸಿಗುತ್ತದೆ, ಉಳಿಯಲು ಮನೆ ಇರುತ್ತದೆ, ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇರುತ್ತದೆ.

ದೂಡುವುದು ಏನು? ಅಸ್ಸಾಮಿನ ಕೆಲವರಿಗೆ ಅದು ನದಿ. ಬ್ರಹ್ಮಪುತ್ರ ಬರೀ ನೆರೆ ತಂದು ಇಳಿದುಹೋಗುವ ಹೊಳೆಯಲ್ಲ, ದಂಡೆಯನ್ನೇ ಕೊರೆದು ನುಂಗುತ್ತದೆ. ಅಲ್ಲಿನ ಸರ್ಕಾರದ ಲೆಕ್ಕದ ಪ್ರಕಾರ 1950ರಿಂದೀಚೆಗೆ 4 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ನದಿಪಾಲಾಗಿದೆ. ಹೇಮಾವತಿ ಅಣೆಕಟ್ಟಿನಲ್ಲಿ, ಭದ್ರಾ ಅಣೆಕಟ್ಟಿನಲ್ಲಿ ಊರು ಮುಳುಗಿಸಿಕೊಂಡ ನಮ್ಮ ಹಿರಿಯರಿಗೆ ಈ ನೋವು ಹೊಸದಲ್ಲ. ನಮ್ಮಲ್ಲಿ ಒಂದು ಸಲ ಮುಳುಗಿತು. ಅಲ್ಲಿ ಕೆಲವರು ಒಂದೇ ಜನ್ಮದಲ್ಲಿ ಎರಡು ಮೂರು ಸಲ ಮನೆ ಬದಲಿಸಿರುತ್ತಾರೆ, ಪ್ರತಿ ಸಲವೂ ಹಿಂದೆ ಇದ್ದ ಜಾಗ ನೀರಿನೊಳಗೆ.

ಇನ್ನು ಕೆಲವರು ಅಸ್ಸಾಮಿನ ಚಹಾ ತೋಟಗಳ ಆದಿವಾಸಿಗಳು. ಇವರ ಹಿರಿಯರು ಮೂಲದಲ್ಲಿ ಅಸ್ಸಾಮಿನವರಲ್ಲ. 19ನೇ ಶತಮಾನದಲ್ಲಿ ಬ್ರಿಟಿಷರು ಛೋಟಾ ನಾಗಪುರದಿಂದ, ಅಂದರೆ ಇವತ್ತಿನ ಜಾರ್ಖಂಡ್ ಮತ್ತು ಅದರ ಸುತ್ತಿನ ಸೀಮೆಯಿಂದ, ಒಪ್ಪಂದದ ಹೆಸರಿನಲ್ಲಿ ಇವರ ಮುತ್ತಜ್ಜಂದಿರನ್ನು ಚಹಾ ತೋಟಕ್ಕೆ ಸಾಗಿಸಿದರು. ನೂರೈವತ್ತು ವರ್ಷದ ಹಿಂದೆ ಚಹಾಕ್ಕಾಗಿ ಪೂರ್ವಕ್ಕೆ ಹೋದವರ ಮರಿಮಕ್ಕಳು ಈಗ ಕಾಫಿಗಾಗಿ ದಕ್ಷಿಣಕ್ಕೆ ಬಂದಿದ್ದಾರೆ. ತೋಟದ ಕೆಲಸ, ಲೈನ್ ಮನೆ, ಮೇಸ್ತ್ರಿ ಎಲ್ಲ ಅವರಿಗೆ ಅಜ್ಜನ ಕಾಲದಿಂದಲೂ ಗೊತ್ತಿರುವುದೇ. ನನಗೆ ಇದು ತಿಳಿದಾಗ ಆ ಜನರನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

'ಹಿಂದಿಯವರು' ಹಿಂದಿಯವರಲ್ಲ

ನಮ್ಮಲ್ಲಿ ಎಲ್ಲರನ್ನೂ ಒಟ್ಟಿಗೆ 'ಹಿಂದಿಯವರು' ಅನ್ನುತ್ತೇವೆ, ಇಲ್ಲವೇ 'ಅಸ್ಸಾಮಿಗಳು'. ಆದರೆ ಅವರಲ್ಲಿ ಹೆಚ್ಚಿನವರಿಗೆ ಮನೆಯ ಮಾತು ಹಿಂದಿಯಲ್ಲ. ಅಸ್ಸಾಮಿ, ಬಂಗಾಳಿ, ಒಡಿಯಾ, ಸಂತಾಲಿ, ಸಾದರಿ, ಕುಡುಖ್. ನಮ್ಮ ಜೊತೆ ಹಿಂದಿಯಲ್ಲಿ ಮಾತಾಡುವಾಗ ಅವರೂ ನಮ್ಮಷ್ಟೇ ಕಷ್ಟಪಡುತ್ತಿರುತ್ತಾರೆ.

ಕುಡುಖ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜಾರ್ಖಂಡಿನ ಒರಾಂವ್ ಜನರ ಮಾತು ಅದು. ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದರೂ ಅದು ದ್ರಾವಿಡ ಭಾಷೆ, ಅಂದರೆ ಕನ್ನಡ, ತುಳು, ತಮಿಳಿನ ಬಳಗದ್ದು. ಅವರು 'ನೀನು' ಎನ್ನಲು 'ನೀನ್' ಅನ್ನುತ್ತಾರೆ, 'ನೀವು' ಎನ್ನಲು 'ನೀಮ್'. ಕಣ್ಣಿಗೆ 'ಖನ್ನ್'. ಹಲ್ಲಿಗೆ 'ಪಲ್ಲ್', ನಮ್ಮ ಹಳಗನ್ನಡದ 'ಪಲ್' ಹಾಗೆಯೇ. ತೋಟದಲ್ಲಿ ಅಕ್ಕಪಕ್ಕದ ಸಾಲಿನಲ್ಲಿ ಹಣ್ಣು ಬಿಡಿಸುವ ಇಬ್ಬರು ಹೆಂಗಸರು ಬಾರದ ಹಿಂದಿಯಲ್ಲಿ ಒದ್ದಾಡುತ್ತಿರುತ್ತಾರೆ, ಮನೆಯ ಮಾತಿನಲ್ಲಿ ಇಬ್ಬರೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಪದ ಬಳಸುತ್ತಾರೆ.

ಒಂದೇ ತರ ಕೇಳುವ ಪದ ತೊಂದರೆಯನ್ನೂ ಕೊಡುತ್ತದೆ. ಬಂಗಾಳಿಯಲ್ಲಿ 'ದಾದಾ' ಎಂದರೆ ಅಣ್ಣ, ಮರ್ಯಾದೆಯ ಮಾತು. ಅಂಗಡಿಯವರನ್ನು ಅವರು ಹಾಗೆ ಕರೆಯುತ್ತಾರೆ. ನಮಗೆ ದಾದಾ ಎಂದರೆ ರೌಡಿ. ತುಳುವಿನಲ್ಲಾದರೆ 'ದಾದ' ಎಂದರೆ 'ಏನು'. ಗೊತ್ತಿಲ್ಲದವರಿಗೆ ಸಿಟ್ಟು ಬರುವುದು ಸಹಜ. ಗೊತ್ತಾದ ಮೇಲೆ ನಮ್ಮೂರಿನ ಕಿರಾಣಿ ಅಂಗಡಿಯವರು 'ಏನು ಬೇಕು ತಮ್ಮಾ' ಎಂದೇ ಮಾತಾಡಿಸುತ್ತಾರೆ.

ಬೆರೆಯುವುದು ಅಂದರೆ ಕರಗಿಹೋಗುವುದಲ್ಲ

ಬೇರೆ ಬೇರೆ ಜನ ಒಂದೇ ಊರಿನಲ್ಲಿ ಇರುವುದಕ್ಕೆ ಮೂರು ದಾರಿ ಇದೆ. ಅವರವರ ಪಾಡಿಗೆ ಅವರವರು ಇರುವುದು ಒಂದು. ಹೊಸಬರು ತಮ್ಮ ಮಾತು, ಊಟ, ಹಬ್ಬ ಎಲ್ಲ ಬಿಟ್ಟು ಪೂರ್ತಿ ನಮ್ಮ ಹಾಗಾಗುವುದು ಇನ್ನೊಂದು. ಮೂರನೆಯದು ಅವರದನ್ನು ಉಳಿಸಿಕೊಂಡೇ ಊರಿನ ನಡೆನುಡಿ ಕಲಿತು ಬೆರೆಯುವುದು.

ಇದಕ್ಕೆ ನಮ್ಮ ತೋಟಕ್ಕಿಂತ ಹತ್ತಿರದ ಹೋಲಿಕೆ ನನಗೆ ಕಾಣುವುದಿಲ್ಲ. ಕಾಫಿ, ಮೆಣಸು, ಕಿತ್ತಳೆ, ಏಲಕ್ಕಿ, ನೆರಳಿನ ಮರ ಎಲ್ಲ ಒಂದೇ ಎಕರೆಯಲ್ಲಿ ಇರುತ್ತವೆ, ಯಾವುದೂ ಇನ್ನೊಂದಾಗುವುದಿಲ್ಲ. ಆದರೆ ಅದು ತಾನಾಗಿ ಆಗುವ ಕೆಲಸ ಅಲ್ಲ ಎಂಬುದು ತೋಟದವರಿಗೆ ಗೊತ್ತು. ವರ್ಷಾ ವರ್ಷಾ ಮರಗಸಿ ಮಾಡಬೇಕು. ಬಿಟ್ಟರೆ ನೆರಳೇ ಕಾಫಿಗೆ ಕಂಟಕ, ಪೂರ್ತಿ ಕಡಿದರೆ ಬಿಸಿಲಿಗೆ ಗಿಡ ಸುಟ್ಟುಹೋಗುತ್ತದೆ.

ಇದನ್ನು ಓದಿಕೊಂಡವರೂ ಇದ್ದಾರೆ. 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಒಂದು ವಿಚಾರ ಮುಂದಿಟ್ಟರು. ಎರಡು ಗುಂಪಿನವರು ಸುಮ್ನೆ ಅಕ್ಕಪಕ್ಕ ಇದ್ದ ಮಾತ್ರಕ್ಕೆ ಅಪನಂಬಿಕೆ ಹೋಗುವುದಿಲ್ಲ. ಹೋಗಬೇಕಾದರೆ ಅವರು ಸಮಾನರಾಗಿ ಭೇಟಿಯಾಗಬೇಕು, ಇಬ್ಬರಿಗೂ ಬೇಕಾದ ಒಂದು ಗುರಿ ಇರಬೇಕು, ಅದಕ್ಕಾಗಿ ಕೂಡಿ ಕೆಲಸ ಮಾಡಬೇಕು, ಮತ್ತು ಊರಿನ ಹಿರಿಯರು, ಕಾನೂನು, ಅಧಿಕಾರದಲ್ಲಿರುವವರು ಅದಕ್ಕೆ ಬೆನ್ನಿಗೆ ನಿಲ್ಲಬೇಕು.

ಈಗ ನಮ್ಮ ತೋಟಗಳನ್ನು ನೋಡಿ. ಲೈನ್ ಮನೆಗಳು ತೋಟದ ಒಳಗೆ, ಊರು ಹೊರಗೆ. ಅವರು ನಮಗೆ ಸಿಗುವುದು ವಾರಕ್ಕೊಮ್ಮೆ ಸಂತೆಯಲ್ಲಿ, ಅದೂ ವ್ಯಾಪಾರಕ್ಕೆ. ಉಳಿದಂತೆ ಸಿಗುವುದು ಕೂಲಿ ಕೊಡುವವರು, ಕೂಲಿ ಪಡೆಯುವವರು ಎಂಬ ಲೆಕ್ಕದಲ್ಲಿ. ಸಮಾನರಾಗಿ ಕೂರುವ ಜಾಗವೇ ಇಲ್ಲ. ಹತ್ತು ವರ್ಷ ಒಂದೇ ಊರಿನಲ್ಲಿದ್ದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರದೆ ಇರುವುದು ಇದಕ್ಕೇ.

ತಳಮಟ್ಟದಲ್ಲಿ ಯಾವುದು ನಡೆಯುತ್ತದೆ?

ತಳಮಟ್ಟದ ದಾರಿ ಎಂದರೆ ಮೇಲಿನಿಂದ ಆದೇಶ ಬರುವುದನ್ನು ಕಾಯದೆ ಅಲ್ಲೇ ಇರುವವರು ಮಾಡಿಕೊಳ್ಳುವ ಏರ್ಪಾಡು. ದೊಡ್ಡ ಸಭೆ, ಬ್ಯಾನರ್ ಏನೂ ಬೇಡ.

ನಮ್ಮ ಕಡೆ ಆನೆಯಿಂದ ಶುರು ಮಾಡಬಹುದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಎಂದರೆ ಸಾವು ಬದುಕಿನ ಪ್ರಶ್ನೆ. ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಅದು ಕನ್ನಡದಲ್ಲಿರುತ್ತದೆ. ಬೆಳಗ್ಗೆ ಆರೂವರೆಗೆ ಮಂಜಿನಲ್ಲಿ ತೋಟಕ್ಕೆ ಇಳಿಯುವ ಹೊಸಬರಿಗೆ ಅದು ಓದಲು ಬರುವುದಿಲ್ಲ. ಕಾಡಾನೆಯ ಬಗ್ಗೆ ಹೇಳಿಕೊಡದೆ ಅವರನ್ನು ಕೆಲಸಕ್ಕೆ ಕಳಿಸುವುದು ತಪ್ಪು ಎಂದೇ ನಾನು ನಂಬುತ್ತೇನೆ. ಚಿಕ್ಕಪ್ಪನ ಪಕ್ಕದ ತೋಟದ ಒಬ್ಬ ಡ್ರೈವರ್ ದಿನಾ ಆ ಸಂದೇಶವನ್ನು ತನ್ನ ಹರಕು ಹಿಂದಿಯಲ್ಲಿ ರೆಕಾರ್ಡ್ ಮಾಡಿ ಲೈನಿನವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ಅದನ್ನು ಕೇಳಿದ ಒಬ್ಬರು ತಮ್ಮವರಿಗೆ ಸಾದರಿಯಲ್ಲಿ ಮತ್ತೆ ಹೇಳುತ್ತಾರೆ. ಕೆಲವು ದಿನದ ನಂತರ ವಾಪಸ್ ಸುದ್ದಿಯೂ ಬರತೊಡಗಿತು. ಕೆರೆ ಹತ್ತಿರ ಲದ್ದಿ ಬಿಸಿ ಇದೆ ಎಂದು ಮೊದಲು ಹೇಳುವವರು ಈಗ ಅವರೇ. ಆಲ್‌ಪೋರ್ಟ್ ಹೇಳಿದ್ದ ಇಬ್ಬರಿಗೂ ಬೇಕಾದ ಗುರಿ ಇದೇ ಅಲ್ವಾ? ಆನೆಗೆ ಯಾರು ಯಾವ ರಾಜ್ಯದವರು ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ತೂಕದ ಪುಸ್ತಕ. ಅವತ್ತಿನ ಜಗಳದ ನಂತರ ಚಿಕ್ಕಪ್ಪ ಒಂದು ನಿಯಮ ಮಾಡಿದರು. ತೂಕ ಆದ ಕೂಡಲೇ ಮೂರು ಭಾಷೆಯಲ್ಲಿ ಕೂಗಿ ಹೇಳಬೇಕು, ಎರಡೂ ಪುಸ್ತಕದಲ್ಲಿ ಒಂದೇ ಬಗೆಯ ಅಂಕಿಯಲ್ಲಿ ಬರೆಯಬೇಕು, ದುಡ್ಡು ಏಜೆಂಟನ ಕೈಗಲ್ಲ, ಕೆಲಸ ಮಾಡಿದವರ ಕೈಗೇ. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಮುಂಗಡ ಕೊಟ್ಟು ಕರೆತಂದು, ಆಮೇಲೆ ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾ, ಲೆಕ್ಕ ತೋರಿಸದೆ ಇಟ್ಟುಕೊಳ್ಳುವ ಏಜೆಂಟರಿದ್ದಾರೆ. ಮುಂಗಡದ ಸಾಲ ತೀರುವವರೆಗೆ ಕೆಲಸ ಬಿಟ್ಟು ಹೋಗುವ ಹಾಗಿಲ್ಲ ಎಂದು ಹಿಡಿದಿಟ್ಟರೆ ಅದು ಜೀತ. 1976ರಿಂದಲೇ ಕಾನೂನು ಅದನ್ನು ನಿಷೇಧಿಸಿದೆ.

ಊಟವೂ ಒಂದು ದಾರಿ. ಅವರ ಸಾಸಿವೆ ಎಣ್ಣೆಯ ವಾಸನೆ ನಮಗೆ ಆಗುವುದಿಲ್ಲ, ನಮ್ಮ ತೆಂಗಿನೆಣ್ಣೆ ಅವರಿಗೆ ಆಗುವುದಿಲ್ಲ, ಸರಿ. ಆದರೆ ಮಳೆಗಾಲದಲ್ಲಿ ಉಳಿದ ಕುಟುಂಬಗಳನ್ನು ನೋಡಿ. ನಾವು ಕಳಲೆ ತರುವ ಬಿದಿರುಮೆಳೆಗೆ ಅವರೂ ಬರುತ್ತಾರೆ. ಅಸ್ಸಾಮಿನಲ್ಲೂ ಕಳಲೆ ಮನೆ ಮನೆಯ ಅಡುಗೆ. ಕೆಸುವಿನ ಎಲೆಯೂ ಅಷ್ಟೇ. ಮಲೆನಾಡಿನ ಚಗಳಿ ಚಟ್ನಿ ಗೊತ್ತಲ್ಲ, ಕೆಂಪು ಇರುವೆಯದ್ದು. ಒಡಿಶಾದ ಮಯೂರ್‌ಭಂಜ್ ಕಡೆ ಅದೇ ಇರುವೆಯ ಚಟ್ನಿ ಮಾಡುತ್ತಾರೆ, 2024ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಅದು ಆ ಸೀಮೆಯದ್ದು ಎಂಬ ಸರ್ಕಾರಿ ಗುರುತು, ಕೂಡ ಸಿಕ್ಕಿತು. ನಮ್ಮ ಅತ್ತೆ ಒಬ್ಬರು ಲೈನ್ ಮನೆಯ ಹೆಂಗಸಿಗೆ ಚಗಳಿ ಗೂಡು ತೋರಿಸಲು ಹೋದರೆ, ಇರುವೆ ಕಚ್ಚದ ಹಾಗೆ ಗೂಡು ಇಳಿಸುವುದು ಹೇಗೆಂದು ಆಕೆಯೇ ಇವರಿಗೆ ತೋರಿಸಿದಳಂತೆ.

ಪಕ್ಕದ ಕೇರಳದಲ್ಲಿ ಇದನ್ನು ಸ್ವಲ್ಪ ದೊಡ್ಡದಾಗಿ ಮಾಡಿದ್ದಾರೆ. ಅಲ್ಲಿ ಸರ್ಕಾರವೇ ಇವರನ್ನು ಅತಿಥಿ ಕಾರ್ಮಿಕರು ಎಂದು ಕರೆಯುತ್ತದೆ. 2017ರಲ್ಲಿ ಅಲ್ಲಿನ ಸಾಕ್ಷರತಾ ಮಿಷನ್ ಪೆರುಂಬಾವೂರಿನಲ್ಲಿ 'ಚಂಗಾತಿ', ಅಂದರೆ ಗೆಳೆಯ, ಎಂಬ ಕಾರ್ಯಕ್ರಮ ಶುರು ಮಾಡಿ ವಲಸೆ ಕಾರ್ಮಿಕರಿಗೆ ಮಲಯಾಳಂ ಓದು ಬರಹ ಕಲಿಸಿತು. ಎರ್ನಾಕುಲಂ ಜಿಲ್ಲೆಯಲ್ಲಿ 'ರೋಶ್ನಿ' ಎಂಬ ಯೋಜನೆಯಲ್ಲಿ ಮಕ್ಕಳ ಮನೆಮಾತು ಬಲ್ಲವರನ್ನೇ ಶಾಲೆಗೆ ಸಹಾಯಕ್ಕೆ ಇಟ್ಟರು. ನಮ್ಮಲ್ಲಿ 'ಕನ್ನಡ ಕಲೀರಿ' ಎಂದು ಸಂತೆಯಲ್ಲಿ ಗದರುವವರು ಬೇಕಾದಷ್ಟು ಜನ. ಸಂಜೆ ಅರ್ಧ ಗಂಟೆ ಕೂತು ಕಲಿಸುವವರು ಬೇಕಾಗಿದ್ದಾರೆ. ಶುರುವಿಗೆ ಐವತ್ತು ಪದ ಸಾಕು: ನೀರು, ಜ್ವರ, ಆಸ್ಪತ್ರೆ, ಬಸ್ಸು, ಆನೆ, ಒಂದರಿಂದ ನೂರು.

'ಬಾಂಗ್ಲಾದವರಾ?' ಎಂಬ ಪ್ರಶ್ನೆ

ಇದನ್ನು ಬಿಟ್ಟು ಬರೆದರೆ ಬರೆದ ಹಾಗಾಗುವುದಿಲ್ಲ. ಬಂಗಾಳಿ ಮಾತಾಡುವವರನ್ನು ಕಂಡ ಕೂಡಲೇ ಈ ಅನುಮಾನ ಬರುತ್ತದೆ. ಮಾತಿನಿಂದ ದೇಶ ಗೊತ್ತಾಗುವುದಿಲ್ಲ. ಬಂಗಾಳಿ ಪಶ್ಚಿಮ ಬಂಗಾಳ ಮತ್ತು ತ್ರಿಪುರಾದ ಮುಖ್ಯ ಭಾಷೆ, ನಮ್ಮ ಸಂವಿಧಾನದ ಎಂಟನೇ ಪಟ್ಟಿಯಲ್ಲಿ ಕನ್ನಡದ ಜೊತೆಗಿರುವ ಭಾಷೆ. ಅಸ್ಸಾಮಿನಲ್ಲೂ 2011ರ ಜನಗಣತಿಯಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬಂಗಾಳಿಯನ್ನು ತಮ್ಮ ಮಾತು ಎಂದು ಬರೆಸಿದ್ದಾರೆ.

ಆಧಾರ್ ಇದ್ದರೆ ಭಾರತೀಯರು ಎಂದೂ ಅಲ್ಲ, 2016ರ ಆಧಾರ್ ಕಾಯ್ದೆಯೇ ಅದು ಪೌರತ್ವದ ಪುರಾವೆ ಅಲ್ಲ ಎನ್ನುತ್ತದೆ. ಅಸ್ಸಾಮಿನಲ್ಲಿ ಪೌರತ್ವ ಪಟ್ಟಿ ಮಾಡಿದಾಗ, 2019ರ ಆಗಸ್ಟ್ 31ರಂದು ಬಂದ ಕೊನೆಯ ಪಟ್ಟಿಯಲ್ಲಿ 3.11 ಕೋಟಿ ಜನ ಸೇರಿದರು, 19 ಲಕ್ಷ ಜನ ಹೊರಗುಳಿದರು. ಹೊರಗುಳಿದವರು ಕೂಡಲೇ ವಿದೇಶಿಯರಾಗುವುದಿಲ್ಲ, ಅದನ್ನು ತೀರ್ಮಾನಿಸಲು ನ್ಯಾಯಮಂಡಳಿಗಳಿವೆ. ಅಷ್ಟು ದೊಡ್ಡ ವ್ಯವಸ್ಥೆಗೇ ವರ್ಷಗಟ್ಟಲೆ ಹಿಡಿಯುವ ಕೆಲಸ ಇದು. ಬಸ್ ಸ್ಟ್ಯಾಂಡಿನಲ್ಲಿ ಮುಖ ನೋಡಿ ಹೇಳುವಂಥದ್ದಲ್ಲ. ಕೆಲಸ ಕೊಡುವವರು ಗುರುತಿನ ದಾಖಲೆಯ ನಕಲು ಇಟ್ಟುಕೊಂಡು ಠಾಣೆಗೆ ಮಾಹಿತಿ ಕೊಡಲಿ, ಅನುಮಾನ ಇದ್ದರೆ ಪೊಲೀಸರು ನೋಡಲಿ. ದಾರಿಯಲ್ಲಿ ತಡೆದು ಕಾರ್ಡು ಕೇಳುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ದೇಶದ ಪ್ರಜೆಗೆ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ನನ್ನ ತಮ್ಮ ಬೆಂಗಳೂರು ಬಿಟ್ಟು ಪುಣೆಗೆ ಹೋದರೂ ಅವನನ್ನು ಕಾಯುವುದು ಅದೇ ವಿಧಿ.

ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ಕಳ್ಳತನದ ಭಯವೂ ಜಾಸ್ತಿಯಾಗಿದೆ, ಆ ಭಯ ಸುಳ್ಳಲ್ಲ. ಕಳ್ಳತನ ಆದರೆ ದೂರು ಕೊಡಬೇಕು. ಒಬ್ಬ ಕದ್ದದ್ದಕ್ಕೆ ಇಡೀ ಲೈನಿನವರನ್ನು ಕಳ್ಳರು ಎನ್ನುವುದು ಬೇರೆ.

ರೇಷನ್, ಕಾನೂನು, ಶಾಲೆ

ಅಸ್ಸಾಮಿನ ರೇಷನ್ ಕಾರ್ಡ್ ಇಲ್ಲಿ ನಡೆಯುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ನಡೆಯುತ್ತದೆ. ಒಂದು ದೇಶ ಒಂದು ರೇಷನ್ ಕಾರ್ಡ್ ಏರ್ಪಾಡಿಗೆ ಕೊನೆಯದಾಗಿ ಸೇರಿದ ರಾಜ್ಯವೇ ಅಸ್ಸಾಂ, 2022ರ ಜೂನ್‌ನಲ್ಲಿ. ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಊರಿನಲ್ಲಿ ಉಳಿದ ಅಜ್ಜ ಅಜ್ಜಿ ಅಲ್ಲಿ ತಮ್ಮ ಪಾಲು ತೆಗೆದುಕೊಳ್ಳಬಹುದು. ನಮ್ಮ ರಾಜ್ಯ ತನ್ನ ಕಾರ್ಡುದಾರರಿಗೆ ಕೊಡುವ ಹೆಚ್ಚುವರಿ ಮಾತ್ರ ಇದರಲ್ಲಿ ಸೇರಿಲ್ಲ.

ಕಾನೂನಿನಲ್ಲಿ ಎರಡು ಹಳೆಯ ಹೆಸರು ನೆನಪಿಡಿ. 1951ರ ತೋಟ ಕಾರ್ಮಿಕರ ಕಾಯ್ದೆ, ಮನೆ, ನೀರು, ಔಷಧಿ, ಕೂಸುಗಳಿಗೆ ಶಿಶುವಿಹಾರ ಎಲ್ಲ ಅದರಿಂದ ಬಂದದ್ದು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಏಜೆಂಟರಿಗೆ ಲೈಸೆನ್ಸ್ ಇರಬೇಕು ಎಂದದ್ದು. ಎರಡೂ ಈಗ ಒಂದು ಹೊಸ ಸಂಹಿತೆಯೊಳಗೆ ಸೇರಿವೆ, ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಏಜೆಂಟರ ಮೂಲಕ ಅಲ್ಲದೆ ತಾವಾಗಿ ಬಂದವರನ್ನೂ ಇದು ವಲಸೆ ಕಾರ್ಮಿಕರು ಎಂದು ಒಪ್ಪುತ್ತದೆ, ಊರಿಗೆ ಹೋಗಿಬರುವ ಖರ್ಚಿನ ಮಾತೂ ಅದರಲ್ಲಿದೆ. ಆದರೆ ಮನೆ, ಔಷಧಿಯಂಥ ತೋಟದ ನಿಯಮ ಸಣ್ಣ ತೋಟಗಳಿಗೆ ಮುಟ್ಟುವುದಿಲ್ಲ, ಅದು 5 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡದಕ್ಕೆ. ನಮ್ಮ ಕಡೆ ಹೆಚ್ಚಿನವರದ್ದು ಸಣ್ಣ ಹಿಡುವಳಿ. ಅಲ್ಲಿ ಇಂಥವೆಲ್ಲ ಮಾಲೀಕರ ಮನಸ್ಸಿನ ಮೇಲೆ ನಿಂತಿವೆ.

ಶಾಲೆಯ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಮಕ್ಕಳು ಬರುವುದು ನವೆಂಬರಿನಲ್ಲಿ, ನಮ್ಮ ಶಾಲೆ ಶುರುವಾಗುವುದು ಜೂನ್‌ ಹೊತ್ತಿಗೆ. ಟಿಸಿ ಇರುವುದಿಲ್ಲ, ಹುಟ್ಟಿದ ಸರ್ಟಿಫಿಕೇಟ್ ಇರುವುದಿಲ್ಲ. ಎಷ್ಟೋ ಅಪ್ಪ ಅಮ್ಮಂದಿರು ಕೇಳುವುದಕ್ಕೇ ಹೆದರಿ ಮಗುವನ್ನು ತೋಟಕ್ಕೇ ಕರೆದುಕೊಂಡು ಹೋಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಲ್ಲಿ ಸ್ಪಷ್ಟವಾಗಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಎಂದು ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಇರುವ ನಲಿ-ಕಲಿ ಇದಕ್ಕೆ ಅನುಕೂಲ, ಏಕೆಂದರೆ ಅಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತುತ್ತಾ ಹೋಗುತ್ತದೆ, ಎಲ್ಲರೂ ಒಂದೇ ಪಾಠದಲ್ಲಿ ಇರಬೇಕಾಗಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿ ಇದೆ, ಬಸುರಿಯರಿಗೆ ಇಲ್ಲೇ ತಾಯಿ ಕಾರ್ಡ್ ಮಾಡಿಸಬಹುದು. ಆಶಾ ಕಾರ್ಯಕರ್ತೆಗೆ ಲೈನ್ ಮನೆಯ ದಾರಿ ತೋರಿಸಿದರೆ ಉಳಿದದ್ದು ಅವರಿಗೆ ಗೊತ್ತಿದೆ.

ಇನ್ನು ಮುಚ್ಚುವ ಭಯದಲ್ಲಿರುವ ನಮ್ಮ ಹಳ್ಳಿ ಶಾಲೆಗಳನ್ನು ನೆನೆಸಿಕೊಳ್ಳಿ. ಮಕ್ಕಳಿಲ್ಲ ಎಂದೇ ತಾನೇ ಅವು ಮುಚ್ಚುತ್ತಿರುವುದು?

ಕಣದಲ್ಲಿ ಜಗಳ ಬಿಡಿಸಿದ ಆ ಹೆಂಗಸಿಗೆ ಏಳು ವರ್ಷದ ಮಗಳಿದ್ದಾಳೆ. ಜನವರಿಯಲ್ಲಿ ಚಿಕ್ಕಮ್ಮ ಅವಳನ್ನು ಊರ ಶಾಲೆಗೆ ಕರೆದುಕೊಂಡು ಹೋದರು. ಮೇಷ್ಟ್ರು ಕಾಗದ ಏನೂ ಕೇಳಲಿಲ್ಲ, ಹೆಸರು ಕೇಳಿದರು, ಕೂರಿಸಿಕೊಂಡರು. ಶಾಲೆಯಲ್ಲಿ ಅವಳೂ ಸೇರಿ ಈಗ ಹನ್ನೊಂದು ಮಕ್ಕಳು. ಮೊನ್ನೆ ಫೋನ್ ಮಾಡಿದಾಗ ಚಿಕ್ಕಮ್ಮ ಹೇಳಿದರು: ಸಂಜೆ ತೂಕದ ಹೊತ್ತಿಗೆ ಅವಳು ರೈಟ್ರ ಪಕ್ಕ ನಿಂತು ಅಂಕಿಗಳನ್ನು ಕನ್ನಡದಲ್ಲಿ ಒಮ್ಮೆ, ತನ್ನ ಮಾತಿನಲ್ಲಿ ಒಮ್ಮೆ ಕೂಗುತ್ತಾಳಂತೆ. ರೈಟ್ರು ಅವಳಿಂದ ಆ ನಾಲ್ಕನ್ನು ಬರೆಯುವುದು ಹೇಗೆಂದು ಹೇಳಿಸಿಕೊಂಡಿದ್ದಾರೆ.